ನೆರಳು ಕೂಡಿಸಿ ಕಟ್ಟಿದ ದೇಹ

ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ಹಾದು ರೋಣಕ್ಕೆ ಬರುವ ಬಸ್ಸಿನಲ್ಲಿ ಮೊಣಕಾಲ ಮೇಲೆ ದೊಡ್ಡ ಕವರು ಇಟ್ಟುಕೊಂಡು ಕೂತವರು ಕಣ್ಣಿಗೆ ಬೀಳುತ್ತಲೇ ಇರುತ್ತಾರೆ. ಮಡಚಬೇಡಿ ಎಂದು ಸ್ಕ್ಯಾನಿಂಗ್ ಮಾಡಿದವರು ಹೇಳಿರುತ್ತಾರೆ. ಅದಕ್ಕೇ ಎಷ್ಟೇ ಗದ್ದಲವಿದ್ದರೂ ಆ ಕವರನ್ನು ಹಪ್ಪಳ ಹಿಡಿದ ಹಾಗೆ ಹಿಡಿದಿರುತ್ತಾರೆ. ಒಮ್ಮೆ ನನ್ನ ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ ಕೂತಿದ್ದರು. ನರಗುಂದದ ಗುಡ್ಡ ಕಾಣುವ ಹೊತ್ತಿಗೆ ಯಜ್ಜಾರು ಕವರಿನಿಂದ ಫಿಲ್ಮು ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದರು. ಸಾಲಿಗೆ ಐದರಂತೆ ನಾಲ್ಕು ಸಾಲು, ಒಟ್ಟು ಇಪ್ಪತ್ತು ತಲೆ.

"ತಲಿ ಒಂದ ಐತ್ರೀ. ಇಷ್ಟ್ಯಾಕ ಫೋಟೋ ತಗದಾರ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಯಮ್ಮಾರು ಸೆರಗು ಸರಿಮಾಡಿಕೊಂಡು ಬಗ್ಗಿ ನೋಡಿ, "ಉಳ್ಳಾಗಡ್ಡಿ ಹೆಚ್ಚಿದಂಗ ಹೆಚ್ಚ್ಯಾರಲ್ರೀ ನನ್ನ ತಲಿ!" ಎಂದರು.

ಅಷ್ಟು ಸರಿಯಾದ ವಿವರಣೆಯನ್ನು ನಾನು ಪುಸ್ತಕದಲ್ಲೂ ಓದಿರಲಿಲ್ಲ. ಹೆಚ್ಚಿದ್ದು ನಿಜ, ಚಾಕು ತಾಗಲಿಲ್ಲ ಎಂಬುದೂ ನಿಜ. ಹೆಚ್ಚಿದ್ದು ಒಂದು ಲೆಕ್ಕ. ಆ ಲೆಕ್ಕದ ಮುಖ್ಯವಾದ ಒಂದು ಭಾಗಕ್ಕೆ ನಮ್ಮ ಬೆಂಗಳೂರಿನ ಹೆಸರು ಅಂಟಿಕೊಂಡಿದೆ ಎಂದು ಆ ದಿನ ಬಸ್ಸಿನಲ್ಲಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

1895ರಲ್ಲಿ ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದ ಮೇಲೆ ಮೈಯೊಳಗಿನ ಎಲುಬು ಕಾಣತೊಡಗಿತು. ಆದರೆ ಎಕ್ಸ್-ರೇ ಎಂದರೆ ನೆರಳು. ಮುಂದಿನದು ಹಿಂದಿನದು ಎಲ್ಲವೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ರೋಣ ಸೀಮೆಯವರಿಗೆ ಇದನ್ನು ತಿಳಿಸಲು ಸೂಡಿಯ ಜೋಡು ಕಳಸದ ಗುಡಿ ಸಾಕು. ಎರಡು ಶಿಖರಗಳ ಆ ಕಲ್ಯಾಣ ಚಾಲುಕ್ಯರ ಗುಡಿಯನ್ನು ಶಿಖರಗಳ ಸಾಲಿಗೆ ಸರಿಯಾಗಿ ನಿಂತು ದೂರದಿಂದ ನೋಡಿದರೆ ಒಂದರ ಹಿಂದೆ ಇನ್ನೊಂದು ಅಡಗುತ್ತದೆ, ಒಂದೇ ಶಿಖರ ಎನ್ನಿಸುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಎರಡನೆಯದು ಇಣುಕುತ್ತದೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ಗುಡಿಯ ನಕ್ಷೆಯೇ ಮನಸ್ಸಿನಲ್ಲಿ ಮೂಡುತ್ತದೆ. ಎಕ್ಸ್-ರೇ ಪ್ರದಕ್ಷಿಣೆ ಹಾಕುತ್ತಿರಲಿಲ್ಲ. ಒಂದೇ ಕಡೆ ನಿಂತು ನೋಡುತ್ತಿತ್ತು.

ತಲೆಯ ವಿಷಯದಲ್ಲಂತೂ ಇದು ದೊಡ್ಡ ಸಂಕಟವಾಗಿತ್ತು. ಮೆದುಳು ಮೃದು, ಅದರ ಸುತ್ತ ಗಟ್ಟಿ ಬುರುಡೆ. ಎಕ್ಸ್-ರೇಯಲ್ಲಿ ಬುರುಡೆ ಕಾಣುತ್ತಿತ್ತೇ ಹೊರತು ಮೆದುಳಲ್ಲ. 1919ರಲ್ಲಿ ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಒಂದು ದಾರಿ ಹುಡುಕಿದ. ಬೆನ್ನಿಗೆ ಸೂಜಿ ಚುಚ್ಚಿ, ಬೆನ್ನುಹುರಿಯ ಸುತ್ತಲಿನ ನೀರು ತೆಗೆದು, ಆ ಜಾಗಕ್ಕೆ ಗಾಳಿ ತುಂಬುವುದು. ಗಾಳಿ ಮೇಲೇರಿ ಮೆದುಳಿನ ಕುಳಿಗಳನ್ನು ಸೇರಿದ ಮೇಲೆ ಎಕ್ಸ್-ರೇ ತೆಗೆಯುವುದು. ರೋಗಿಗೆ ತಾಳಲಾರದ ತಲೆನೋವು, ವಾಂತಿ. ದಿನಗಟ್ಟಲೆ ಏಳುವ ಹಾಗಿಲ್ಲ. ಮೆದುಳಿನಲ್ಲಿ ಗಡ್ಡೆ ಇದೆಯೋ ಇಲ್ಲವೋ ಎಂದು ತಿಳಿಯಲು ಐವತ್ತು ವರ್ಷ ಜನ ಈ ಹಿಂಸೆ ಅನುಭವಿಸಿದರು.

ಪ್ರದಕ್ಷಿಣೆಯ ಗಣಿತ ಅಷ್ಟರಲ್ಲಾಗಲೇ ಹುಟ್ಟಿತ್ತು. ಎಲ್ಲ ದಿಕ್ಕಿನ ನೆರಳುಗಳೂ ಗೊತ್ತಿದ್ದರೆ ವಸ್ತುವನ್ನು ಮರಳಿ ಕಟ್ಟಬಹುದು ಎಂದು ಆಸ್ಟ್ರಿಯಾದ ಯೋಹಾನ್ ರಾಡನ್ 1917ರಲ್ಲೇ ಸಾಧಿಸಿ ತೋರಿಸಿದ್ದ. ಅವನ ಎದುರಿಗೆ ರೋಗಿ ಇರಲಿಲ್ಲ, ಬರೀ ಗಣಿತವಿತ್ತು. ಆ ಲೇಖನ ಗಣಿತಜ್ಞರ ಕಪಾಟಿನಲ್ಲೇ ಉಳಿಯಿತು. 1956ರಲ್ಲಿ ಕೇಪ್‌ಟೌನಿನ ಆಸ್ಪತ್ರೆಯೊಂದಕ್ಕೆ ವಾರಕ್ಕೆ ಒಂದೂವರೆ ದಿನ ಹೋಗುತ್ತಿದ್ದ ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್, ರಾಡನ್ ಯಾರೆಂದೇ ತಿಳಿಯದೆ, ಅದೇ ಲೆಕ್ಕವನ್ನು ಮೊದಲಿನಿಂದ ಮಾಡಿದ. 1963 ಮತ್ತು 1964ರಲ್ಲಿ ಅಚ್ಚು ಹಾಕಿಸಿದ. ಓದಿದವರು ಬೆರಳೆಣಿಕೆಯಷ್ಟು.

ಈ ಲೆಕ್ಕದಿಂದ ನಡೆಯುವ ಸಿಟಿ ಸ್ಕ್ಯಾನ್ ಯಂತ್ರ ಮಾಡಿದವನು ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಹೊಲಮನೆಯಲ್ಲಿ ಬೆಳೆದವನು, ಚಿಕ್ಕಂದಿನಲ್ಲಿ ರಾಶಿಯ ಯಂತ್ರಗಳನ್ನು ಬಿಚ್ಚಿ ನೋಡಿ ಕಲಿತವನು. ಗ್ರಾಮಫೋನ್ ತಟ್ಟೆಗಳಿಗೆ ಹೆಸರಾಗಿದ್ದ ಇಎಂಐ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ. ಅವನ ಮೊದಲ ಪ್ರಯೋಗಕ್ಕೆ ಲೇಥ್ ಯಂತ್ರದ ಅಡಿಪಾಯವೇ ಆಧಾರ. ಒಂದು ಚಿತ್ರಕ್ಕೆ ಒಂಬತ್ತು ದಿನ ಅಳತೆ, 28,000 ಅಂಕಿ, ಆಮೇಲೆ ಕಂಪ್ಯೂಟರಿಗೆ ಎರಡೂವರೆ ಗಂಟೆ ಲೆಕ್ಕ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಮೆದುಳಿನಲ್ಲಿ ಗಡ್ಡೆಯ ಸಂಶಯವಿದ್ದ ಒಬ್ಬ ಹೆಂಗಸಿನ ತಲೆಯ ಸುತ್ತ ಆ ಯಂತ್ರ ತಿರುಗಿತು. ಉದ್ದಕ್ಕೆ 80, ಅಗಲಕ್ಕೆ 80 ಚೌಕಗಳ ಒರಟು ಚಿತ್ರ ಬಂತು. ಅದರೊಳಗೆ ಗಡ್ಡೆ ದುಂಡಗೆ ಕಾಣುತ್ತಿತ್ತು.

ಅದಕ್ಕೆ ಒಂದು ತಿಂಗಳ ಮೊದಲು, 1971ರ ಸೆಪ್ಟೆಂಬರಿನಲ್ಲಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಐದು ಪುಟದ ಲೇಖನವೊಂದು ಬಂದಿತ್ತು. ಬರೆದವರು ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್. ಎಕ್ಸ್-ರೇ ಚಿತ್ರಗಳಿಂದ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಂದ ವಸ್ತುವಿನ ಮೂರೂ ಆಯಾಮಗಳನ್ನು ಮರಳಿ ಕಟ್ಟುವುದು ಹೇಗೆ ಎಂಬುದು ವಿಷಯ. ಹೌನ್ಸ್‌ಫೀಲ್ಡನ ಯಂತ್ರದ ಸುದ್ದಿ ಹೊರಜಗತ್ತಿಗೆ ತಿಳಿದದ್ದು 1972ರ ಏಪ್ರಿಲ್‌ನಲ್ಲಿ.

ರಾಮಚಂದ್ರನ್ ಎರ್ನಾಕುಲಂನಲ್ಲಿ ಹುಟ್ಟಿದ್ದು 1922ರ ಅಕ್ಟೋಬರ್‌ನಲ್ಲಿ. ಅದೇ ವರ್ಷ ಫೆಬ್ರುವರಿಯಲ್ಲಿ ನಮ್ಮ ರೋಣದಲ್ಲಿ ಭೀಮಸೇನ ಜೋಶಿ ಹುಟ್ಟಿದ್ದರು. ಒಂದೇ ವರ್ಷದ ಈ ಇಬ್ಬರನ್ನು ಒಟ್ಟಿಗೆ ನೆನೆಯುವುದು ನನಗೆ ಹಿಡಿಸುತ್ತದೆ, ಅದಕ್ಕೆ ಇನ್ನೊಂದು ಕಾರಣವೂ ಮುಂದೆ ಬರುತ್ತದೆ. ರಾಮಚಂದ್ರನ್ 1942ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದರು. ಸಿ. ವಿ. ರಾಮನ್ ಹುಡುಗನ ಬುದ್ಧಿ ಕಂಡು ತಮ್ಮ ಭೌತವಿಜ್ಞಾನಕ್ಕೆ ಎಳೆದುಕೊಂಡರು. ಮುಂದೆ ಕೇಂಬ್ರಿಜ್, ಮತ್ತೆ ಬೆಂಗಳೂರು, 1952ರಲ್ಲಿ ಮದ್ರಾಸು.

ಮದ್ರಾಸಿನಲ್ಲಿ ಅವರು ಕೈ ಹಾಕಿದ್ದು ಕೊಲಾಜೆನ್‌ಗೆ. ನಮ್ಮ ಚರ್ಮ, ಸ್ನಾಯುರಜ್ಜು, ಎಲುಬು ಎಲ್ಲವನ್ನೂ ಬಿಗಿದು ಹಿಡಿದಿರುವ ನಾರು ಅದು. ಗುಂಡು ಕಡ್ಡಿ ಜೋಡಿಸಿ ಮಾದರಿ ಕಟ್ಟಿ, ಗೋಪೀನಾಥ್ ಕರ್ತಾ ಜೊತೆ ಸೇರಿ, ಮೂರು ಎಳೆ ಹೊಸೆದುಕೊಂಡ ಹುರಿಯಂತೆ ಅದು ಇರುತ್ತದೆ ಎಂದು 1954 ಮತ್ತು 1955ರಲ್ಲಿ ತೋರಿಸಿದರು. ಪರಮಾಣುಗಳು ಅಷ್ಟು ಹತ್ತಿರ ಬರಲು ಸಾಧ್ಯವಿಲ್ಲ ಎಂದು ಟೀಕೆ ಬಂತು. ಹಾಗಾದರೆ ಎಷ್ಟು ಹತ್ತಿರ ಬರಬಹುದು? ಆ ಒಂದು ಪ್ರಶ್ನೆಯ ಬೆನ್ನು ಹತ್ತಿ, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ 1963ರಲ್ಲಿ ಒಂದು ನಕ್ಷೆ ಬರೆದರು. ಪ್ರೋಟೀನಿನ ಸರಪಳಿ ಪ್ರತಿ ಗೆಣ್ಣಿನಲ್ಲಿ ಎರಡು ಕೋನಗಳಲ್ಲಿ ತಿರುಗಬಲ್ಲದು. ಯಾವ ತಿರುವು ಸಾಧ್ಯ, ಯಾವುದು ಅಸಾಧ್ಯ ಎಂದು ಆ ನಕ್ಷೆ ಹೇಳುತ್ತದೆ. ಕಂಪ್ಯೂಟರಿನಲ್ಲಿ ಪ್ರೋಟೀನಿನ ಮಾದರಿ ಕಟ್ಟುವವರು ತಾವು ಕಟ್ಟಿದ್ದು ಸರಿಯಿದೆಯೇ ಎಂದು ಇವತ್ತಿಗೂ ಈ ರಾಮಚಂದ್ರನ್ ನಕ್ಷೆಯ ಮೇಲಿಟ್ಟು ನೋಡುತ್ತಾರೆ.

1970ರ ಸುಮಾರಿಗೆ ಅವರು ಬೆಂಗಳೂರಿಗೆ ಮರಳಿದರು. ಇನ್‌ಸ್ಟಿಟ್ಯೂಟಿನ ಆಣ್ವಿಕ ಜೈವಿಕ ಭೌತವಿಜ್ಞಾನ ವಿಭಾಗ ಕಟ್ಟಿದ್ದು ಅವರೇ. ನೆರಳಿನ ಲೆಕ್ಕದ ಲೇಖನ ಆ ದಿನಗಳದ್ದು.

ಆ ಲೆಕ್ಕವನ್ನು ಸ್ವಲ್ಪ ಹತ್ತಿರ ಹೋಗಿ ನೋಡೋಣ. ಒಂದು ದಿಕ್ಕಿನ ನೆರಳು ಸಿಕ್ಕಿತು ಎನ್ನಿ. ಅದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದು ಖಾಲಿ ಹಾಳೆಯ ಮೇಲೆ ಹಚ್ಚುತ್ತೀರಿ. ಇನ್ನೊಂದು ದಿಕ್ಕಿನ ನೆರಳನ್ನೂ ಹಾಗೇ, ಮತ್ತೊಂದನ್ನೂ ಹಾಗೇ. ಎಲ್ಲ ಗೆರೆಗಳೂ ಕೂಡುವ ಕಡೆ ವಸ್ತು ದಟ್ಟವಾಗಿ ಮೂಡುತ್ತದೆ. ಆದರೆ ಚಿತ್ರ ಮಸುಕು. ಗಜೇಂದ್ರಗಡದ ಮಗ್ಗದವರಿಗೆ ಬಣ್ಣ ಬಿಡುವ ನೂಲು ಗೊತ್ತು: ಕೆಂಪು ಎಳೆ ಪಕ್ಕದ ಬಿಳಿ ಎಳೆಗೂ ಹಬ್ಬಿ ಅಂಚು ಕಲೆಯಾಗುತ್ತದೆ. ಇಲ್ಲಿಯೂ ಒಂದು ಚುಕ್ಕೆ ಇರಬೇಕಾದಲ್ಲಿ ಚುಕ್ಕೆಯ ಸುತ್ತ ಕಲೆ ಹಬ್ಬುತ್ತದೆ. ಈ ಮಸುಕು ಕಳೆಯಲು ಆಗ ಇದ್ದ ದಾರಿ ಫೂರಿಯೇ ರೂಪಾಂತರ. ನೆರಳನ್ನು ಅಲೆಗಳಾಗಿ ಒಡೆದು, ಬೇರೆಯೇ ಲೋಕದಲ್ಲಿ ಜೋಡಿಸಿ, ಮತ್ತೆ ಚಿತ್ರಕ್ಕೆ ತಿರುಗಿಸಬೇಕು. ಅಂದಿನ ಕಂಪ್ಯೂಟರುಗಳಿಗೆ ಅದು ಬೆಟ್ಟದಷ್ಟು ಕೆಲಸ.

ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಹೇಳಿದ್ದು ಇಷ್ಟು: ಅಷ್ಟು ದೂರ ಹೋಗುವುದೇ ಬೇಡ. ಹಿಂದಕ್ಕೆ ಎಳೆಯುವ ಮೊದಲೇ ನೆರಳಿನಿಂದ ಮುಂದೆ ಹಬ್ಬಲಿರುವ ಕಲೆಯನ್ನು ಕಳೆದುಬಿಡಿ. ಅದಕ್ಕೆ ಒಂದು ಸಾಲು ಅಂಕಿ ಸಾಕು. ನಡುವಿನ ಬಿಂದುವಿಗೆ 1. ಅದರ ಎಡಬಲದ ಬಿಂದುಗಳಿಂದ 0.405ರಷ್ಟು ಕಳೆಯಬೇಕು. ಅದರಾಚೆಯದಕ್ಕೆ ಸೊನ್ನೆ. ಅದರಾಚೆ 0.045 ಕಳೆಯಬೇಕು, ಮತ್ತೆ ಸೊನ್ನೆ, ಆಮೇಲೆ 0.016. ಹೀಗೆ ದೂರ ಹೋದಷ್ಟೂ ಕಳೆಯುವುದು ಕಡಿಮೆ. ಎರಡೂ ಕಡೆ ಕೊನೆಯವರೆಗೆ ಕಳೆದದ್ದನ್ನೆಲ್ಲ ಕೂಡಿಸಿದರೆ ಸರಿಯಾಗಿ 1 ಆಗುತ್ತದೆ. ನಡುವೆ ಕೊಟ್ಟದ್ದು ಒಂದು, ಸುತ್ತ ತೆಗೆದದ್ದು ಒಂದು, ಕಿರ್ದಿ ಪುಸ್ತಕದಲ್ಲಿ ಜಮಾ ಖರ್ಚು ತಾಳೆಯಾದ ಹಾಗೆ. ಕೂಡಿಸುವುದು, ಗುಣಿಸುವುದು ಬಿಟ್ಟರೆ ಬೇರೇನೂ ಬೇಡ. ಒಂದು ನೆರಳು ಬಂದ ಕೂಡಲೇ ಲೆಕ್ಕ ಶುರು ಮಾಡಬಹುದು, ಎಲ್ಲ ನೆರಳೂ ಬರುವ ತನಕ ಕಾಯಬೇಕಿಲ್ಲ. ಮೊದಲ ಸಲ ಈ ಅಂಕಿಗಳನ್ನು ಹಾಳೆಯ ಮೇಲೆ ಬರೆದು ಕೂಡಿಸಿದಾಗ ನನಗಾದ ಸಂತೋಷ ಇನ್ನೂ ನೆನಪಿದೆ.

ಇದೇ ಬಗೆಯ ದಾರಿಯನ್ನು ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲಿ ರೇಡಿಯೋ ಖಗೋಳಶಾಸ್ತ್ರಕ್ಕಾಗಿ ಕಂಡುಕೊಂಡಿದ್ದರು ಎಂಬುದನ್ನೂ ಹೇಳಬೇಕು. ಅವರ ಕಣ್ಣು ಆಕಾಶದ ಮೇಲಿತ್ತು. ಹೌನ್ಸ್‌ಫೀಲ್ಡನ ಮೊದಲ ಯಂತ್ರ ಊಹಿಸಿ, ತಾಳೆ ನೋಡಿ, ತಿದ್ದುತ್ತ ಹೋಗುವ ನಿಧಾನದ ಲೆಕ್ಕ ನಡೆಸುತ್ತಿತ್ತು. ಕೆಲವೇ ವರ್ಷಗಳಲ್ಲಿ ಸಿಟಿ ಯಂತ್ರಗಳೆಲ್ಲ ನೆರಳನ್ನು ಮೊದಲೇ ತಿದ್ದಿ ಹಿಂದಕ್ಕೆಳೆಯುವ ಕ್ರಮಕ್ಕೆ ಬಂದವು. ಆ ಸಾಲು ಅಂಕಿಗೆ ರಾಮ್-ಲ್ಯಾಕ್ ಫಿಲ್ಟರ್ ಎಂದೇ ಹೆಸರಾಯಿತು. ಜಗತ್ತಿನ ಯಾವ ಮೂಲೆಯಲ್ಲಿ ಈ ವಿದ್ಯೆ ಕಲಿಸಿದರೂ ಮೊದಲ ಪಾಠದಲ್ಲಿ ಆ ಎರಡು ಹೆಸರು ಬರುತ್ತವೆ. ಇತ್ತೀಚಿನ ಯಂತ್ರಗಳು ಬೇರೆ ಲೆಕ್ಕಗಳನ್ನೂ ಬೆರೆಸುತ್ತವೆ, ಆದರೂ ಅಡಿಪಾಯ ಇದೇ. 1979ರ ನೊಬೆಲ್ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್‌ಗೆ ಹೋಯಿತು. ಅವರಿಬ್ಬರೂ ಅದಕ್ಕೆ ಅರ್ಹರೇ. ನನಗೆ ಕೊರಗಾಗುವುದು ಇನ್ನೊಂದಕ್ಕೆ. ಹುಬ್ಬಳ್ಳಿಯಲ್ಲೋ ಗದಗದಲ್ಲೋ ಸ್ಕ್ಯಾನ್ ಮಾಡಿಸಿಕೊಂಡು ಬರುವ ನಮ್ಮವರಿಗೆ, ಇದರಲ್ಲಿ ಬೆಂಗಳೂರಿನಲ್ಲಿ ಕೂತು ಯೋಚಿಸಿದವರ ಪಾಲಿದೆ ಎಂದು ಯಾರೂ ಕನ್ನಡದಲ್ಲಿ ಹೇಳುವುದಿಲ್ಲ.

ಹೋಳುಗಳಿಂದ ದೇಹದ ಆಕಾರ ಸಿಗುತ್ತದೆ, ಆದರೆ ಬದುಕಿದ ದೇಹ ನಿಂತಲ್ಲಿ ನಿಲ್ಲುವುದಿಲ್ಲ. ಅದರ ಚಲನೆಯನ್ನು ಲೆಕ್ಕಕ್ಕೆ ತರುವ ಕೆಲಸ ಇನ್ನೂ ಹಳೆಯದು. ನರದಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆ ಎಂಬ ಸಮೀಕರಣಗಳನ್ನು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಕೊಟ್ಟರು. ಕೇಂಬ್ರಿಜ್‌ನ ಕಂಪ್ಯೂಟರ್ ಮಾರ್ಪಾಡಿಗೆಂದು ನಿಂತಿದ್ದರಿಂದ ಹಕ್ಸ್‌ಲಿ ಹಿಡಿಕೆ ತಿರುವುವ ಲೆಕ್ಕದ ಯಂತ್ರದಲ್ಲೇ ವಾರಗಟ್ಟಲೆ ಕೂತು ಲೆಕ್ಕ ಮುಗಿಸಿದ. 1960ರಲ್ಲಿ ಲಂಡನ್ನಿನ ಯುವಕ ಡೆನಿಸ್ ನೋಬಲ್ ಅದನ್ನು ಹೃದಯಕ್ಕೆ ಹೊಂದಿಸಿದ. ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಅವನಿಗೆ ಸಿಗುತ್ತಿದ್ದ ಹೊತ್ತು ರಾತ್ರಿ ಎರಡರಿಂದ ನಾಲ್ಕು. ಅದು ಮುಗಿಸಿ ಬೆಳಗಿನ ಜಾವ ಕಸಾಯಿಖಾನೆಗೆ ಹೋಗಿ ಪ್ರಯೋಗಕ್ಕೆ ಕುರಿಯ ಹೃದಯ ತರುತ್ತಿದ್ದ. ಮೊದಲ ಬಾರಿಗೆ ಹೃದಯದ ಒಂದು ಜೀವಕೋಶ ಕಂಪ್ಯೂಟರಿನೊಳಗೆ ತಾನಾಗಿ ಮಿಡಿದದ್ದು ಆ ರಾತ್ರಿಗಳಲ್ಲಿ.

ಬೆಂಗಳೂರಿನ ಇನ್‌ಸ್ಟಿಟ್ಯೂಟಿನಲ್ಲಿ 1970ರ ದಶಕದಲ್ಲಿ ಐ. ಎಸ್. ಎನ್. ಮೂರ್ತಿಯವರು ಹೃದಯವನ್ನು ಇನ್ನೊಂದು ಬಾಗಿಲಿನಿಂದ ಹೊಕ್ಕರು. ಅವರ ಜೊತೆಗಿದ್ದ ಯುವಕರಲ್ಲಿ ಇಬ್ಬರು ಜಯರಾಮ ಉಡುಪ, ಎಂ. ಆರ್. ರಂಗರಾಜ್. ಇಸಿಜಿಯ ಗೆರೆಯಿಂದ ಹೃದಯದ ಮಾದರಿ ಕಟ್ಟುವ ಅವರ ಲೇಖನ 1979ರಲ್ಲಿ ಬಂತು. ಅದಕ್ಕೆ ಬಳಸಿದ ಉಪಾಯ ಮಾತಿನ ವಿಜ್ಞಾನದ್ದು. ಹಾಡುಗಾರನ ಸ್ವರದಲ್ಲಿ ಗಂಟಲಿನ ಮಿಡಿತ ಬೇರೆ, ಅದಕ್ಕೆ ಬಾಯಿ ಕೊಡುವ ಆಕಾರ ಬೇರೆ. ಕಿವಿಗೆ ಬೀಳುವಾಗ ಎರಡೂ ಬೆರೆತಿರುತ್ತವೆ. ಭೀಮಸೇನ ಜೋಶಿಯವರ ಒಂದು ತಾನದಿಂದ ಆ ಎರಡನ್ನೂ ಬಿಡಿಸಿ ಇಟ್ಟ ಹಾಗೆ, ಇಸಿಜಿಯಲ್ಲಿ ಬೆರೆತ ಪ್ರಚೋದನೆಯನ್ನೂ ಅದು ಹಾದು ಬಂದ ಮಾಧ್ಯಮವನ್ನೂ ಬೇರ್ಪಡಿಸಲು ಇವರು ಹೊರಟರು. ಮರುವರ್ಷ ಉಡುಪ ಮತ್ತು ಮೂರ್ತಿ ಇನ್ನೂ ಮುಂದೆ ಹೋಗಿ ಹೃದಯದ ಬಡಿತಕ್ಕೊಂದು ವ್ಯಾಕರಣ ಬರೆದರು. ಅಕ್ಷರ ಸೇರಿ ಪದ, ಪದ ಸೇರಿ ವಾಕ್ಯ ಆಗುವಂತೆ ಅಲೆಗಳು ಸೇರಿ ಬಡಿತ, ಬಡಿತಗಳು ಸೇರಿ ಲಯ. ಲಯ ತಪ್ಪಿದ ಹೃದಯ ಎಂದರೆ ವ್ಯಾಕರಣ ತಪ್ಪಿದ ವಾಕ್ಯ. ವ್ಯಾಕರಣಕಾರ ಕೇಶಿರಾಜನ ನಾಡಿನಲ್ಲಿ ಈ ಯೋಚನೆ ಬಂದದ್ದು ನನಗೆ ತೀರ ಸಹಜ ಎನಿಸುತ್ತದೆ.

ರಂಗರಾಜ್ ಮೈಸೂರಿನವರು, ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವರು. ಕೆನಡಾದ ಕ್ಯಾಲ್ಗರಿಗೆ ಹೋಗಿ ರಂಗರಾಜ್ ರಂಗಯ್ಯನ್ ಎಂಬ ಹೆಸರಿನಲ್ಲಿ ಈ ಶಾಸ್ತ್ರಕ್ಕೆ ಪಠ್ಯಪುಸ್ತಕಗಳನ್ನೇ ಬರೆದರು. ಕೂತು ಏಳುವಾಗ ಕಟಕಟ ಅನ್ನುವ ಮೊಣಕಾಲಿನ ಸದ್ದನ್ನು ಅಳೆದು, ಕೀಲಿನೊಳಗಿನ ಮೃದ್ವಸ್ಥಿ ಸವೆದಿದೆಯೇ ಎಂದು ಕೊಯ್ಯದೆ ತಿಳಿಯುವ ಬಗೆಯನ್ನೂ ಅವರು ಹುಡುಕಿದರು.

ಉಡುಪರದ್ದು ನನ್ನ ಮಟ್ಟಿಗೆ ಈ ಇಡೀ ಕತೆಯ ಎರಡನೆಯ ಮುಖ್ಯ ಅಧ್ಯಾಯ. 1976ರಲ್ಲಿ ಇನ್‌ಸ್ಟಿಟ್ಯೂಟಿನಿಂದ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಅಮೆರಿಕದ ಬಫಲೋದಲ್ಲಿ ಗೇಬರ್ ಹರ್ಮನ್ ಗುಂಪನ್ನು ಸೇರಿ, ಅವರೊಂದಿಗೆ ಫಿಲಡೆಲ್ಫಿಯಾಕ್ಕೆ ಹೋದರು. ಸಿಟಿ ಕೊಟ್ಟ ಹೋಳುಗಳನ್ನು ಒಂದರ ಮೇಲೊಂದು ಪೇರಿಸಿ ಇಡೀ ಅಂಗವನ್ನು ಪರದೆಯ ಮೇಲೆ ತಿರುಗಿಸಿ ನೋಡುವ ವಿದ್ಯೆ ಅಲ್ಲಿ ಬೆಳೆಯಿತು. ಶಸ್ತ್ರವೈದ್ಯ ಕತ್ತರಿ ಹಿಡಿಯುವ ಮೊದಲು ಒಡೆದ ಮುಖದ ಎಲುಬನ್ನು ಸುತ್ತಲೂ ನೋಡುವಂತಾಯಿತು. ಇಲ್ಲಿ ಕಷ್ಟದ ಪ್ರಶ್ನೆ ಬಾಂದು ಕಲ್ಲಿನದು. ಪರದೆಯ ಮೇಲಿನ ಒಂದೊಂದು ಕಣವೂ ಬೂದು ಬಣ್ಣದ ಒಂದು ಅಂಕಿ ಮಾತ್ರ. ಯಾವ ಕಣ ಯಕೃತ್ತಿನದು, ಯಾವುದು ಪಕ್ಕದ ಮಾಂಸದ್ದು? ಮೆದುಳಿನಲ್ಲಿ ರೋಗ ತಾಗಿದ ಜಾಗ ಎಲ್ಲಿ ಮುಗಿಯಿತು? 1996ರಲ್ಲಿ ಉಡುಪ ಮತ್ತು ಸಮರಸೇಕರ ಕೊಟ್ಟ ಉತ್ತರ ನಮ್ಮ ಊರುಗಳ ನೆಂಟಸ್ತಿಕೆಯಂತಿದೆ. ಎರಡು ಕಣ ಎಷ್ಟು ದೂರವಿದ್ದರೂ ಸರಿ, ಒಂದರಿಂದ ಇನ್ನೊಂದಕ್ಕೆ ಕಣದಿಂದ ಕಣಕ್ಕೆ ಹೋಗುವ ದಾರಿ ಹುಡುಕು. ಆ ದಾರಿಯ ಅತಿ ಸಡಿಲ ಕೊಂಡಿ ಎಷ್ಟು ಗಟ್ಟಿಯೋ ಅಷ್ಟು ಅವುಗಳ ಸಂಬಂಧ. ಇರುವ ದಾರಿಗಳಲ್ಲೆಲ್ಲ ಗಟ್ಟಿಯಾದದ್ದನ್ನು ಎಣಿಸು. ಬಣ್ಣ ನೋಡಿ ಗೆರೆ ಕೊರೆಯುವುದರ ಬದಲು ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ ಎಂದು ನೋಡುವುದು. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಮೆದುಳಿನ ಗಾಯಗಳನ್ನು ಅಳೆಯಲು ಈ ದಾರಿ ಬಳಕೆಗೆ ಬಂತು.

ಯಮ್ಮಾರು ಹೇಳಿದ ಹಾಗೆ ನಿಜಕ್ಕೂ ಹೆಚ್ಚಿದ್ದೂ ಉಂಟು. ಮರಣದಂಡನೆಯಾದ ಟೆಕ್ಸಾಸಿನ ಕೈದಿಯೊಬ್ಬ ದಾನ ಮಾಡಿದ ದೇಹವನ್ನು ಹಿಮಗಟ್ಟಿಸಿ, ಒಂದೊಂದು ಮಿಲಿಮೀಟರ್ ಹೆರೆಯುತ್ತ 1,871 ಚಿತ್ರ ತೆಗೆದು, 1994ರಲ್ಲಿ ಅಮೆರಿಕದ ವೈದ್ಯಕೀಯ ಗ್ರಂಥಾಲಯ ಜಗತ್ತಿನ ಸಂಶೋಧಕರಿಗೆ ಕೊಟ್ಟಿತು. ಕಂಪ್ಯೂಟರಿನೊಳಗಿನ ಎಷ್ಟೋ ಮಾದರಿ ದೇಹಗಳಿಗೆ ಅದು ತಾಯಿಬೇರು. ಈಗ ಆಕಾರ ಮತ್ತು ಚಲನೆಯ ಎರಡು ದಾರಿಗಳೂ ಕೂಡಿವೆ. ಎದೆಯ ಸಿಟಿ ತೆಗೆದು, ಹೃದಯದ ರಕ್ತನಾಳದ ಮಾದರಿ ಕಟ್ಟಿ, ಅದರಲ್ಲಿ ರಕ್ತ ಹರಿಸಿ, ತಡೆ ಎಷ್ಟಿದೆ ಎಂದು ಲೆಕ್ಕದಿಂದಲೇ ಹೇಳುವ ವಿಧಾನಕ್ಕೆ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಎಷ್ಟೋ ರೋಗಿಗಳಿಗೆ ತೊಡೆಯಿಂದಲೋ ಕೈಯಿಂದಲೋ ತಂತಿ ತೂರಿಸುವ ಪರೀಕ್ಷೆ ತಪ್ಪಿದೆ.

ರಾಮಚಂದ್ರನ್ ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯಿಂದ ನರಳಿ, 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ತೀರಿಕೊಂಡರು.

ಬಸ್ಸು ನರಗುಂದ ಬಿಟ್ಟು ರೋಣದ ಎರೆಹೊಲಗಳ ನಡುವೆ ಓಡುತ್ತಿತ್ತು. ಯಜ್ಜಾರ ಕೈಯಲ್ಲಿದ್ದ ಫಿಲ್ಮಿನ ಪ್ರತಿ ಚೌಕದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 80, 40 ಎಂಬ ಎರಡು ಅಂಕಿಗಳಿದ್ದವು. ಹೌನ್ಸ್‌ಫೀಲ್ಡನ ಅಳತೆಗೋಲು ಅದು. ಅದರಲ್ಲಿ ನೀರು ಸೊನ್ನೆ, ಗಾಳಿ ಸೊನ್ನೆಗಿಂತ ಸಾವಿರ ಕೆಳಗೆ. 40ನ್ನು ನಡುವೆ ಇಟ್ಟು, ಸೊನ್ನೆಯಿಂದ 80ರವರೆಗೆ ಮಾತ್ರ ಬೂದು ಬಣ್ಣದ ಮೆಟ್ಟಿಲು ಹಾಕಿದರೆ ಮೆದುಳು ಚೆನ್ನಾಗಿ ಕಾಣುತ್ತದೆ. ಹೊಸದಾಗಿ ರಕ್ತ ಸೋರಿದ್ದರೆ ಆ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ. ಇಪ್ಪತ್ತು ಚೌಕಗಳಲ್ಲಿ ಎಲ್ಲೂ ಆ ಬಿಳುಪು ನನಗೆ ಕಾಣಲಿಲ್ಲ. ಓದಿ ಹೇಳಲು ನಾನು ಡಾಕ್ಟರಲ್ಲ, ಹಾಗಾಗಿ ಸುಮ್ಮನಿದ್ದೆ.

"ಡಾಕ್ಟರ್ ಏನಂದರು?" ಎಂದು ಕೇಳಿದೆ.

"ಏನೂ ಇಲ್ಲಂದ್ರ್ಯಪಾ," ಎಂದರು ಯಮ್ಮಾರು. "ಗುಳಗಿ ಕೊಟ್ಟಾರ. ಬಿಸಲಾಗ ಹೊಲಕ್ಕ ಹೋಗಬ್ಯಾಡ ಅಂದಾರ."

ಯಜ್ಜಾರು ಫಿಲ್ಮನ್ನು ಅಂಚು ಮುರಿಯದ ಹಾಗೆ ನಿಧಾನಕ್ಕೆ ಕವರಿನೊಳಗೆ ಇಳಿಬಿಟ್ಟರು.